ಆಪರೇಷನ್‌ಗೆ ಮುಂಚಿನ 19 ದಿನ

ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿ (ಸೂಜಿಯಿಂದ ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿ ಬಂದ ದಿನ ನನಗೆ ಎಲ್ಲೂ ನೋವಿರಲಿಲ್ಲ. ಎದೆಯಲ್ಲೊಂದು ಗಂಟು ಇತ್ತು, ಅಷ್ಟೇ. ಆಪರೇಷನ್‌ಗೆ 19 ದಿನ ಇದೆ ಅಂದರು. ಮರುದಿನ ಬೆಳಿಗ್ಗೆ ಎದ್ದರೆ ಸೊಂಟ ಹಿಡಿದುಕೊಂಡಿತ್ತು. ಆಮೇಲೆ ಒಣಕೆಮ್ಮು. ಆಮೇಲೆ ತಲೆನೋವು. ಈ ಕಾಯಿಲೆ ಹರಡಿದರೆ ಹೆಚ್ಚಾಗಿ ಮೂಳೆ, ಶ್ವಾಸಕೋಶ, ಲಿವರ್, ಮೆದುಳಿಗೆ ಹೋಗುತ್ತದೆ ಎಂದು ಓದಿಕೊಂಡಿದ್ದೆ. ನೋವೂ ಸುಮಾರಾಗಿ ಅದೇ ಸರದಿಯಲ್ಲಿ ಬರುತ್ತಿತ್ತು! ಇದರಲ್ಲಿ ಏನೋ ವಿಚಿತ್ರ ಇದೆ ಎಂದು ಹೊಳೆಯಲು ನನಗೆ ಎಂಟು ದಿನ ಬೇಕಾಯಿತು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕಂಕುಳು. ಸ್ನಾನ ಮಾಡುವಾಗ, ಕನ್ನಡಿ ಮುಂದೆ, ರಾತ್ರಿ ಮಲಗಿ, ಒತ್ತಿ ಒತ್ತಿ ನೋಡುತ್ತಿದ್ದೆ. ಒಂದು ದಿನ ಅಲ್ಲಿ ಮುಟ್ಟಿದರೆ ಸಾಕು, ನೋಯತೊಡಗಿತು. ಮುಗಿಯಿತು, ಅಲ್ಲಿಗೂ ಬಂತು ಅಂದುಕೊಂಡು ಆಸ್ಪತ್ರೆಯ ನರ್ಸ್‌ಗೆ ಫೋನ್ ಮಾಡಿದೆ.

ಅವರು ಕೇಳಿದ್ದು ಒಂದೇ. "ಮೇಡಂ, ದಿನಕ್ಕೆ ಎಷ್ಟು ಸಲ ಒತ್ತಿ ನೋಡ್ತೀರಿ?"

ಇಪ್ಪತ್ತಾದರೂ ಇರಬೇಕು ಅಂದೆ.

"ಇನ್ನೊಂದು ಕಡೆ ಕಂಕುಳನ್ನೂ ದಿನಾ ಇಪ್ಪತ್ತು ಸಲ ಒತ್ತಿ ನೋಡಿ, ಅದೂ ನೋಯುತ್ತೆ."

ಬಯಾಪ್ಸಿ ಸೂಜಿ ಹಾಕಿದ ಜಾಗದಲ್ಲಿ ಒಳಗೆ ರಕ್ತ ಹೆಪ್ಪುಗಟ್ಟಿ ಕೆಲವು ದಿನ ಗಟ್ಟಿಯಾಗಿರಬಹುದು, ಚರ್ಮ ನೀಲಿಯಾಗಿ ಆಮೇಲೆ ಹಳದಿಗೆ ತಿರುಗಬಹುದು ಎಂದೂ ಹೇಳಿದರು. ಗಂಟು ದೊಡ್ಡದಾಯಿತು ಎಂದು ನಾನು ಹೆದರಿದ್ದಕ್ಕೆ ಇದೇ ಕಾರಣವಿರಬೇಕು. ಈ ಎರಡು ಮಾತನ್ನು ಬಯಾಪ್ಸಿ ದಿನವೇ ಹೇಳಿದ್ದರೆ ಎಂಟು ರಾತ್ರಿ ನಿದ್ದೆ ಉಳಿಯುತ್ತಿತ್ತು, ಅಲ್ವಾ?

ಅವತ್ತಿನಿಂದ ಮುಟ್ಟಿ ನೋಡುವುದನ್ನು ನಿಲ್ಲಿಸಲು ಹೊರಟೆ. ಸುಲಭ ಇರಲಿಲ್ಲ. ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಹೋದಾಗಲೆಲ್ಲ ಒಂದು ಸಣ್ಣ ನೋಟ್‌ಬುಕ್ ಎತ್ತಿಕೊಳ್ಳುತ್ತಿದ್ದೆ. ಎಲ್ಲಿ ನೋವು, ಎಷ್ಟು ಹೊತ್ತಿಗೆ, ಆಗ ಏನು ಮಾಡುತ್ತಿದ್ದೆ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ. ಅಷ್ಟು ಬರೆದು ಮುಚ್ಚಿಡುವುದು. ಸಂಜೆ ಐದಕ್ಕೆ ಹದಿನೈದು ನಿಮಿಷ ಕೂತು ಓದುವುದು, ಬೇಕಾದಷ್ಟು ಹೆದರುವುದು. ಆ ಹೊತ್ತಿಗೆ ಮುಕ್ಕಾಲು ಪಾಲು ನೋವು ಎಲ್ಲಿತ್ತು ಎಂದೇ ಮರೆತಿರುತ್ತಿತ್ತು. ಸೊಂಟನೋವು ಬರುತ್ತಿದ್ದದ್ದು ಮಂಚದ ಮೇಲೆ ಬಗ್ಗಿ ಕೂತು ಗಂಟೆಗಟ್ಟಲೆ ಫೋನಿನಲ್ಲಿ ಕ್ಯಾನ್ಸರ್ ಬಗ್ಗೆ ಓದಿದ ದಿನಗಳಲ್ಲಿ ಮಾತ್ರ. ನನ್ನದೇ ಅಕ್ಷರದಲ್ಲಿ ಕಂಡಾಗ ನಗು ಬಂತು.

ರಾತ್ರಿಗೆ ಮಾತ್ರ ನೋಟ್‌ಬುಕ್ ಸಾಲುತ್ತಿರಲಿಲ್ಲ. ಎದೆ ಬಿಗಿದು, ಬೆರಳ ತುದಿ ಜುಮ್ಮೆನ್ನುತ್ತಿತ್ತು. ಗಾಬರಿಯಲ್ಲಿ ಬೇಗಬೇಗ ಉಸಿರಾಡಿದರೆ ಹೀಗಾಗುತ್ತದಂತೆ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಐದು ನಿಮಿಷಕ್ಕೆ ಬೆರಳು ಸರಿಯಾಗುತ್ತಿತ್ತು. ಭಯ ಹೋಗುತ್ತಿತ್ತು ಅಂತಲ್ಲ, ನಿದ್ದೆ ಬರುವಷ್ಟು ಕಡಿಮೆಯಾಗುತ್ತಿತ್ತು.

ಎಲ್ಲವೂ ಸುಮ್ನೆ ಎಂದು ತಳ್ಳಿಹಾಕಲೂ ಆಗುವುದಿಲ್ಲ. ಜ್ವರ, ಸೂಜಿ ಹಾಕಿದ ಜಾಗ ಕೆಂಪಾಗಿ ಬಿಸಿಯಾಗುವುದು, ಕೀವು ಬಂದರೆ ಅದೇ ದಿನ ಹೇಳಬೇಕು. ದಿನದಿಂದ ದಿನಕ್ಕೆ ಹೆಚ್ಚುವ, ನಿದ್ದೆಯಿಂದ ಎಬ್ಬಿಸುವ ನೋವಿದ್ದರೂ ಹೇಳಿ ಅಂದಿದ್ದರು. ತಟ್ಟನೆ ಉಸಿರು ಸಿಗದಂತಾದರೆ, ಒಂದೇ ಕಾಲು ಊದಿಕೊಂಡರೆ, ಕೈಕಾಲು ಸೋತರೆ ಸೀದಾ ಆಸ್ಪತ್ರೆಗೆ. ಈ ಪಟ್ಟಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೆ. ಹತ್ತನೇ ದಿನ ನೆಗಡಿ, ಜ್ವರ ಎರಡೂ ಬಂದವು. ಕೂಡಲೇ ಫೋನ್ ಮಾಡಿದೆ. ಜ್ವರ, ಕೆಮ್ಮು ಇದ್ದರೆ ಅರಿವಳಿಕೆ ಕೊಡುವುದನ್ನು ಮುಂದಕ್ಕೆ ಹಾಕಬೇಕಾಗಬಹುದು ಅಂದರು. ಪುಣ್ಯಕ್ಕೆ ನಾಲ್ಕೇ ದಿನದಲ್ಲಿ ಇಳಿಯಿತು.

ಆಪರೇಷನ್ ದಿನ ಅರಿವಳಿಕೆ ಡಾಕ್ಟರ್ "ಬೇರೆ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿದರು. ನೋಟ್‌ಬುಕ್ ನೋಡಿ ಹೇಳಿದೆ, "ನೆಗಡಿ ಹೋಗಿ ಐದು ದಿನ ಆಯ್ತು. ಮತ್ತೇನಿಲ್ಲ."

ಮರುದಿನ ಮೂತ್ರ ನೀಲಿ-ಹಸಿರು ಬಣ್ಣದಲ್ಲಿತ್ತು. ಕ್ಯಾನ್ಸರ್ ಹರಡಿದೆಯೇ ಎಂದು ಪರೀಕ್ಷಿಸಬೇಕಾದ ಕಂಕುಳಿನ ಗ್ರಂಥಿ ಹುಡುಕಲು ನೀಲಿ ಬಣ್ಣ ಚುಚ್ಚುತ್ತಾರೆ, ಹೀಗಾಗುತ್ತದೆ ಎಂದು ಈ ಸಲ ಮೊದಲೇ ಹೇಳಿದ್ದರು. ನೋಟ್‌ಬುಕ್ ತೆರೆಯಲೂ ಇಲ್ಲ.