ಅಪ್ಪನ ಮಾರುತಿ 800: ಪ್ಲಾಸ್ಟಿಕ್ ಕೆಡಿಸದೆ ಹಳೆ ಬಣ್ಣ ತೆಗೆಯುವುದು

ನಮ್ಮ ಮಾರುತಿ 800 ಅಪ್ಪ 1991ರಲ್ಲಿ ತಂದದ್ದು. ಮನೆ ಉಡುಪಿಯಲ್ಲಾದರೂ ನಂಬರು ಮಂಗಳೂರಿನ ಕೆಎ-19. ನಡುವೆ ಒಂದು ಗ್ಯಾರೇಜಿನವರು ಕೇಳದೆಯೇ ಗ್ಲೋವ್ ಬಾಕ್ಸ್ ಮುಚ್ಚಳ, ಸ್ಟೇರಿಂಗ್ ಕೆಳಗಿನ ಕವರು, ಬಾಗಿಲ ಹಿಡಿಯ ಸುತ್ತಿನ ತುಂಡು ಎಲ್ಲಕ್ಕೂ ಬೆಳ್ಳಿ ಬಣ್ಣ ಹೊಡೆದಿದ್ದರು. ಮೂರು ಮಳೆಗಾಲ ಕಳೆಯುವಾಗ ಅದು ಸಿಪ್ಪೆ ಏಳತೊಡಗಿತು.

ಆ ತುಂಡುಗಳ ಮೇಲೆ ಅಚ್ಚಿನಲ್ಲೇ ಮೂಡಿದ ಚರ್ಮದಂಥ ಸಣ್ಣ ನೆರಿಗೆ ಉಂಟಲ್ಲ, ಉಳಿಸಬೇಕಾದದ್ದು ಅದನ್ನು. ಬಣ್ಣ ಬೇಕಾದರೆ ಇನ್ನೊಮ್ಮೆ ಹೊಡೆಯಬಹುದು, ನೆರಿಗೆ ಮತ್ತೆ ಬರುವುದಿಲ್ಲ. ನಾನು ಆ್ಯಶ್‌ಟ್ರೇ ಮುಚ್ಚಳಕ್ಕೆ ಥಿನ್ನರ್ ಹಚ್ಚಿ ಒಂದು ನಿಮಿಷ ಬಿಟ್ಟೆ. ಬಟ್ಟೆಯಲ್ಲಿ ಉಜ್ಜಿದರೆ ಬಣ್ಣದ ಜೊತೆ ಪ್ಲಾಸ್ಟಿಕ್ಕೇ ಅಂಟಾಗಿ ಬಂತು. ಕಾರಿನ ಒಳಗೆ ಬಳಸುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಅಸಿಟೋನ್, ಟಾಲುಯೀನ್‌ಗಳಲ್ಲಿ ಕರಗುತ್ತದೆ. ಹಾಗಾಗಿ ಇಂಥ ದ್ರವಗಳಿರುವ ಥಿನ್ನರ್, ನೈಲ್ ಪಾಲಿಶ್ ರಿಮೂವರ್, ಕಬ್ಬಿಣಕ್ಕೆ ಹಾಕುವ ಪೇಂಟ್ ರಿಮೂವರ್ ಮೂರನ್ನೂ ದೂರ ಇಡಿ. ಹೀಟ್ ಗನ್ ಕೂಡ ಬೇಡ, ತುಂಡು ಸೊಟ್ಟಗಾಗುತ್ತದೆ.

ಬಿಚ್ಚುವ ಮೊದಲು ಬ್ಯಾಟರಿ ವಯರು ತೆಗೆಯಿರಿ. ಏರ್‌ಬ್ಯಾಗ್ ಇರುವ ಕಾರಾದರೆ ಸ್ಟೇರಿಂಗಿನ ಸುದ್ದಿಗೆ ನೀವೇ ಹೋಗಬೇಡಿ. ಹಳೆ ಕ್ಲಿಪ್ಪುಗಳು ಚಳಿಗೆ ಪಟ್ಟನೆ ಮುರಿಯುತ್ತವೆ; ಕಾರನ್ನು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ಸ್ವಲ್ಪ ಬಾಗುತ್ತವೆ.

ಇನ್ನು ಯಾವ ಪ್ಲಾಸ್ಟಿಕ್ ಎಂದು ತಿಳಿಯಬೇಕು. ಹಿಂಬದಿಯಲ್ಲಿ ಎಬಿಎಸ್ ಅಥವಾ ಪಿಪಿ (ಪಾಲಿಪ್ರೊಪಿಲೀನ್) ಎಂದು ಅಚ್ಚೊತ್ತಿರಬಹುದು. ಇಲ್ಲವೆಂದಾದರೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಲೋಹದ ಕ್ಲಿಪ್ ತೆಗೆದು, ಬಕೆಟ್ ನೀರಿನಲ್ಲಿ ಮುಳುಗಿಸಿ ಕೈ ಬಿಡಿ. ಸಾಮಾನ್ಯವಾಗಿ ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಯಾವುದೇ ಇರಲಿ, ಕಾಣದ ಮೂಲೆಯಲ್ಲಿ ಹತ್ತಿಯಿಂದ ಬಣ್ಣ ತೆಗೆಯುವ ಮದ್ದು ಹಚ್ಚಿ ಐದು ನಿಮಿಷ ಕಾದು ನೋಡಿ. ಬೆರಳಿಗೆ ಅಂಟಿದರೆ ಅಲ್ಲಿಗೇ ನಿಲ್ಲಿಸಿ. ಮೀಟರಿನ ಗ್ಲಾಸಿಗಂತೂ ಆಲ್ಕೋಹಾಲ್ ಮುಟ್ಟಿಸಲೇಬೇಡಿ. ಅದು ಅಕ್ರಿಲಿಕ್ ಆದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ.

ನಾನು ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್ (ಸ್ಯಾನಿಟೈಸರಿನಲ್ಲೂ ಬಳಸುವ ದ್ರವ) ಹಾಕಿದೆ. ಟಿಶ್ಯೂ ನೆನೆಸಿ ತುಂಡಿನ ಮೇಲೆ ಹಾಸಿ, ಆರದ ಹಾಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಇಪ್ಪತ್ತು ನಿಮಿಷ ಬಿಟ್ಟೆ. ಸ್ಪ್ರೇ ಬಣ್ಣ ಇದಕ್ಕೇ ಮೆತ್ತಗಾಗಿ ಹಳೆ ಟೂತ್‌ಬ್ರಷ್‌ಗೆ ಬಂತು. ನೆರಿಗೆಯೊಳಗೆ ಕೂತದ್ದನ್ನು ಹಿಡಿಸೂಡಿಯ ಕಡ್ಡಿಯಿಂದ ಕೆದಕಿದೆ. ಕಬ್ಬಿಣದ ಬ್ಲೇಡಿನಷ್ಟು ಗೀರು ಇದರಿಂದ ಬೀಳುವುದಿಲ್ಲ. ಒಂದು ಮುಚ್ಚಳಕ್ಕೆ ಎರಡು ಸಂಜೆ ಹಿಡಿಯಿತು. ಈ ದ್ರವ ಪೆಟ್ರೋಲಿನ ಹಾಗೆ ಬೆಂಕಿ ಹಿಡಿಯುತ್ತದೆ. ಅಡುಗೆಮನೆ ಹತ್ತಿರ ಬೇಡ, ಗಾಳಿಯಾಡುವ ಜಗಲಿಯಲ್ಲಿ ಕೂರಿ.

ಬಾಗಿಲ ತುಂಡುಗಳಿಗೆ ಹೊಡೆದದ್ದು ಇನಾಮಲ್ ಬಣ್ಣ, ಅದು ಇದಕ್ಕೆ ಜಗ್ಗಲಿಲ್ಲ. ಅವನ್ನು ನೀರು ಬೆರೆಸದ ಡೆಟಾಲ್‌ನಲ್ಲಿ, ಮುಚ್ಚಳ ಇರುವ ಡಬ್ಬಿಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಇಲ್ಲಿ ಒಂದು ಮಾತು ನೆನಪಿಡಿ: ಹೊರತೆಗೆದ ಕೂಡಲೇ ನೀರಿಗೆ ಹಾಕಬೇಡಿ. ನೀರು ತಾಗಿದರೆ ಕರಗಿದ ಬಣ್ಣ ಗೋಂದಿನಂತಾಗಿ ನೆರಿಗೆಯಲ್ಲಿ ಹಿಡಿದುಕೊಳ್ಳುತ್ತದೆ. ಮತ್ತಷ್ಟು ಡೆಟಾಲ್‌ನಲ್ಲೇ ಬ್ರಷ್ ಮಾಡಿ, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಸೋಪು ನೀರು. ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಮನೆಯಲ್ಲಿ ಬೆಕ್ಕಿದ್ದರೆ ಡಬ್ಬಿ ಅದಕ್ಕೆ ಸಿಗದ ಕಡೆ ಇಡಿ, ಡೆಟಾಲ್ ಬೆಕ್ಕಿಗೆ ವಿಷ.

ಒಣ ಎಮರಿ ಪೇಪರಿನಲ್ಲಿ ಉಜ್ಜುವವರಿದ್ದಾರೆ. ನೆರಿಗೆ ಹೋಗುವುದು ಒಂದು ಕಡೆ, ಧೂಳು ಅದಕ್ಕಿಂತ ಕೆಟ್ಟದ್ದು. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಎಂಬ ಕಡ್ಡಾಯ ಮಿತಿ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿತ್ತೋ, ಮಕ್ಕಳಿರುವ ಮನೆಯಲ್ಲಿ ಆ ಧೂಳು ಏಳಬಾರದು.

ಉಳಿದ ಕೊಳೆ ದ್ರವವನ್ನು ಅಂಗಳಕ್ಕೆ ಚೆಲ್ಲಬೇಡಿ. ನಮ್ಮದು ಮುರಕಲ್ಲಿನ ನೆಲ, ಚೆಲ್ಲಿದ್ದು ಇಂಗಿ ಬಾವಿಗೇ ಇಳಿಯುತ್ತದೆ. ಹಳೆ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಹೆಸರು ಬರೆದು, ಕಸ ಒಯ್ಯುವವರಿಗೆ ಅಪಾಯಕಾರಿ ಕಸವೆಂದು ಹೇಳಿಯೇ ಬೇರೆಯಾಗಿ ಕೊಡಿ.

ಒಣಗಿಸುವುದು ನೆರಳಲ್ಲಿ, ಫ್ಯಾನಿನ ಕೆಳಗೆ. ಮತ್ತೆ ಬಣ್ಣ ಹೊಡೆಯುವುದಾದರೆ ಪಿಪಿಗೆ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಯಾವುದೂ ನಿಲ್ಲುವುದಿಲ್ಲ. ನಾನು ಹೊಡೆಯಲಿಲ್ಲ. ಬಾಗಿಲ ತುಂಡಿನಲ್ಲಿ ಅಪ್ಪನ ಹೆಬ್ಬೆರಳು ತಾಗಿ ತಾಗಿ ನುಣುಪಾದ ಜಾಗ ಬೆಳ್ಳಿಯ ಅಡಿಯಿಂದ ಮತ್ತೆ ಕಂಡಿತ್ತು. ಹಾಗೆಯೇ ಸ್ಕ್ರೂ ಹಾಕಿ ಕೂರಿಸಿದೆ.