ಸ್ಕೂಲ್ ಮುಂದೆ 'ದಿ' ಯಾವಾಗ ಬೇಕು, ಯಾವಾಗ ಬೇಡ

'ಶಾಲೆಗೆ ಹೋದ' ಎಂದರೆ ಕನ್ನಡದಲ್ಲಿ ಮುಗಿಯಿತು. ಓದಲಿಕ್ಕೋ, ಫೀಸು ಕಟ್ಟಲಿಕ್ಕೋ ಎನ್ನುವುದು ಸಂದರ್ಭ ನೋಡಿದರೆ ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಆ ಕೆಲಸ ಆರ್ಟಿಕಲ್‌ನದು, ಅಂದರೆ ನಾಮಪದದ ಮುಂದೆ ಬರುವ 'ಎ', 'ಆ್ಯನ್', 'ದಿ'ಗಳದು.

ಹಾಗಾಗಿ ಮೊದಲು ನೋಡಬೇಕಾದ್ದು ಇಷ್ಟು: ಆ ಜಾಗ ಯಾವ ಕೆಲಸಕ್ಕಾಗಿ ಇದೆಯೋ ಅದಕ್ಕೇ ಹೋದದ್ದೇ? ಓದುವ ಹುಡುಗಿ 'ಗೋಸ್ ಟು ಸ್ಕೂಲ್'. ಅಲ್ಲಿನ ನಲ್ಲಿ ರಿಪೇರಿಗೆ ಹೋಗುವ ಪ್ಲಂಬರ್ 'ಗೋಸ್ ಟು ದಿ ಸ್ಕೂಲ್'. ಕೈದಿ 'ಇನ್ ಪ್ರಿಸನ್', ಅವನನ್ನು ನೋಡಲು ಬಂದ ತಮ್ಮ 'ಅಟ್ ದಿ ಪ್ರಿಸನ್'. ಮಲಗುವುದಕ್ಕೆ 'ಗೋ ಟು ಬೆಡ್', ಮಡಚಿದ ಬಟ್ಟೆ ಇಡುವುದು 'ಆನ್ ದಿ ಬೆಡ್'.

ಎಡವುವುದು ಇದನ್ನೇ ಎಲ್ಲ ಕಡೆಗೂ ಹಚ್ಚಿದಾಗ. ಸ್ಕೂಲ್, ಕಾಲೇಜ್, ಚರ್ಚ್, ಕೋರ್ಟ್, ಜೈಲ್, ಬೆಡ್ ಥರದ ಕೆಲವಕ್ಕೆ ಮಾತ್ರ ಈ ಸವಲತ್ತು. ಬ್ಯಾಂಕ್, ಪೋಸ್ಟ್ ಆಫೀಸ್, ಸಿನಿಮಾ, ಸ್ಟೇಷನ್‌ಗಳಿಗೆ ಯಾವ ಕೆಲಸದ ಮೇಲೆ ಹೋದರೂ 'ದಿ' ಬೇಕು. ಆಫೀಸ್ ವಿಷಯದಲ್ಲಂತೂ ಎಚ್ಚರ: ಕೆಲಸದಲ್ಲಿದ್ದೇನೆ ಎನ್ನಲು 'ಅಟ್ ವರ್ಕ್' ಅಥವಾ 'ಇನ್ ದಿ ಆಫೀಸ್'. ಬರೀ 'ಇನ್ ಆಫೀಸ್' ಎಂದರೆ ಮಂತ್ರಿಯಂತೆ ಅಧಿಕಾರದಲ್ಲಿದ್ದೇನೆ ಎಂದಾಗುತ್ತದೆ!

ಆಸ್ಪತ್ರೆ ಸೇರಿದ ರೋಗಿಗೆ ಬ್ರಿಟಿಷರು 'ಇನ್ ಹಾಸ್ಪಿಟಲ್' ಎಂದರೆ ಅಮೆರಿಕನ್ನರು 'ಇನ್ ದಿ ಹಾಸ್ಪಿಟಲ್' ಎನ್ನುತ್ತಾರೆ. ಎರಡೂ ಸರಿ, ಒಂದೇ ಬರಹದಲ್ಲಿ ಬೆರೆಸಬೇಡಿ.

ಮನೆಗೆ ಹೋಗಲು 'ಗೋ ಹೋಮ್' ಸಾಕು. 'ಟು' ಕೂಡ ಬೇಡ. 'ಇನ್ ಎ ಹೋಮ್' ಎಂದರೆ ಕೇಳುವವರಿಗೆ ವೃದ್ಧಾಶ್ರಮ ನೆನಪಾದೀತು.

ನಡುವೆ ಗುಣವಾಚಕ ಬಂತೆಂದರೆ ಆರ್ಟಿಕಲ್ ಸಾಮಾನ್ಯವಾಗಿ ಮರಳುತ್ತದೆ: 'ಗೋಸ್ ಟು ಎ ಗುಡ್ ಸ್ಕೂಲ್'. 'ಎ'ಯೋ 'ಆ್ಯನ್' ಓ ಎಂಬುದನ್ನು ಅಕ್ಷರ ನೋಡಿ ಅಲ್ಲ, ಉಚ್ಚಾರ ಕೇಳಿ ತೀರ್ಮಾನಿಸಿ. 'ಯೂನಿವರ್ಸಿಟಿ' ಶುರುವಾಗುವುದು ಯಕಾರದಿಂದ, ಆದ್ದರಿಂದ 'ಎ'.

ನುಡಿಗಟ್ಟುಗಳಲ್ಲಿ ಮಾತ್ರ ತರ್ಕ ಹುಡುಕಬೇಡಿ, ಇಡಿಯಾಗಿ ಬಾಯಿಪಾಠ ಮಾಡಿ. 'ಟೇಕ್ ಪ್ಲೇಸ್' ಎಂದರೆ ನಡೆಯುವುದು, 'ಟೇಕ್ ದಿ ಪ್ಲೇಸ್ ಆಫ್' ಎಂದರೆ ಇನ್ನೊಂದರ ಜಾಗಕ್ಕೆ ಬರುವುದು. ಹಡಗಿನಲ್ಲಿರುವವರು 'ಅಟ್ ಸೀ', ದಡದಲ್ಲಿ ಮನೆಯಿರುವವರು 'ಬೈ ದಿ ಸೀ', ದಿಕ್ಕುತೋಚದವರು 'ಆಲ್ ಅಟ್ ಸೀ'. 'ಇನ್ ದಿ ಫ್ರಂಟ್ ಆಫ್ ದಿ ಕಾರ್' ಎಂದರೆ ಕಾರಿನೊಳಗೆ ಮುಂದಿನ ಸೀಟಿನಲ್ಲಿ. ಮೊದಲ 'ದಿ' ಬಿಟ್ಟರೆ ಮನುಷ್ಯ ಕಾರಿನೆದುರು ರಸ್ತೆಯಲ್ಲಿ ನಿಂತಿರುತ್ತಾನೆ.