ಇಂಜೆಕ್ಷನ್ ಕಿತ್ತು ಕಾರ್ಬೊರೇಟರ್ ಹಾಕಿದ ನನ್ನ ಅನುಭವ

ಕಾರಿನ ಇಂಜೆಕ್ಷನ್ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಕಿತ್ತು ಕಾರ್ಬೊರೇಟರ್ (ಹರಿಯುವ ಗಾಳಿಯೇ ಪೆಟ್ರೋಲ್ ಎಳೆದುಕೊಳ್ಳುವ ಹಳೇ ಸಾಧನ) ಹಾಕುತ್ತೇನೆ ಅಂದಾಗ, "ಐಡ್ಲಿಂಗೇ ನಿಲ್ಲೋದಿಲ್ಲ, ಸುಮ್ನೆ ದುಡ್ಡು ಹಾಳು" ಎಂದವರು ಒಬ್ಬಿಬ್ಬರಲ್ಲ. ಈಗ ಅದೇ ಎಂಜಿನ್ 850 ಆರ್‌ಪಿಎಂನಲ್ಲಿ ಅಲುಗದೆ ನಿಲ್ಲುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ ಎರಡು ಲೀಟರಿನ ನಾಲ್ಕು ಸಿಲಿಂಡರಿನದು, ಎಂಬತ್ತರ ದಶಕದ ಎಲ್-ಜೆಟ್ರಾನಿಕ್ (ಬಾಷ್ ಕಂಪನಿಯ ಇಂಜೆಕ್ಷನ್). ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರಿನ ಒಳಗಿನ ಟ್ರ್ಯಾಕ್ ಸವೆದಿತ್ತು, ವೈರಿಂಗ್ ಮುಟ್ಟಿದಲ್ಲೆಲ್ಲ ಪುಡಿಯಾಗುತ್ತಿತ್ತು. ಒಂದು ಹಳೇ ಮೀಟರಿಗೆ ಕೇಳಿದ ದುಡ್ಡಿಗೆ ಹೊಸ ವೆಬರ್ 32/36 ಕಾರ್ಬೊರೇಟರ್ ಬಂತು. ಇದಕ್ಕೆ ಎರಡು ಗಂಟಲು: ಮೊದಲು ಪ್ರೈಮರಿ, ಪೆಡಲ್ ಹೆಚ್ಚು ಒತ್ತಿದಾಗ ಸೆಕೆಂಡರಿ ತೆರೆಯುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಥ್ರಾಟಲ್ ಬಾಡಿ (ಗಾಳಿ ಬಿಡುವ ಕವಾಟ) ಜಾಗಕ್ಕೆ ಅಡಾಪ್ಟರ್ ಪ್ಲೇಟ್ ಮಾಡಿಸಿ ಕಾರ್ಬ್ ಕೂರಿಸಿದೆ. ಸ್ಟಾರ್ಟ್ ಆಯ್ತು, ಓಡಲಿಲ್ಲ. ಇಂಜೆಕ್ಷನ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಹಂಚುವ ಕೊಳವೆಗಳ ಗುಂಪು) ಬರೀ ಗಾಳಿಗಾಗಿ ಮಾಡಿದ್ದು, ಕೊಳವೆಗಳು ಉದ್ದ. ಕಡಿಮೆ ಆರ್‌ಪಿಎಂನಲ್ಲಿ ಪೆಟ್ರೋಲ್ ಗಾಳಿಯಿಂದ ಬೇರೆಯಾಗಿ ತಳದಲ್ಲಿ ನಿಂತುಬಿಡುತ್ತದೆ. ಕಾರ್ಬ್ ಹತ್ತಿರದ ಪ್ಲಗ್ ಮಸಿ (ಪೆಟ್ರೋಲ್ ಜಾಸ್ತಿ), ದೂರದ್ದು ಬಿಳಿ (ಕಡಿಮೆ). ಯಾವ ಜೆಟ್ (ಪೆಟ್ರೋಲ್ ಹರಿವನ್ನು ಅಳೆಯುವ ಸಣ್ಣ ರಂಧ್ರದ ತುಂಡು) ಹಾಕಿದರೂ ಇದು ಸರಿಹೋಗೋದಿಲ್ಲ. ಪ್ಲೇಟಿಗೂ ಮಷೀನಿಂಗಿಗೂ ಹಾಕಿದ ದುಡ್ಡು ಹೋಯ್ತು.

ಕೆಲಸ ಮಾಡಿದ್ದು ಇದೇ ಬ್ಲಾಕಿನ ಹಳೇ ಕಾರ್ಬೊರೇಟರ್ ಮಾಡೆಲಿನ ಮ್ಯಾನಿಫೋಲ್ಡ್. ಗುಜರಿಯಲ್ಲಿ ಸಿಕ್ಕಿತು, ಕಾರ್ಬಿನ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಅದರ ತಳದಲ್ಲಿ ಬಿಸಿನೀರು ಹರಿಯುವ ದಾರಿ ಇದೆ. ಕೆಲವರು ಅದನ್ನು ಮುಚ್ಚಿಬಿಡಿ ಅಂತಾರೆ. ನೋಡೋಣ ಅಂತ ಒಂದಷ್ಟು ದಿನ ಮುಚ್ಚಿ ಓಡಿಸಿದೆ. ತಣ್ಣಗಿರುವಾಗ ಎಂಜಿನ್ ತಡವರಿಸಿತು, ಚೋಕ್ ಜಾಸ್ತಿ ಹೊತ್ತು ಬೇಕಾಯ್ತು. ವಾಪಸ್ ಜೋಡಿಸಿದೆ.

ಪೆಟ್ರೋಲಿನ ಒತ್ತಡದಲ್ಲಿ ಇನ್ನೊಂದು ತಲೆನೋವು. ಇಂಜೆಕ್ಷನ್ ಪಂಪ್ ಕೊಡುವುದು ಎರಡೂವರೆ ಬಾರ್ ಮೇಲೆ. ವೆಬರಿಗೆ ಬೇಕಾದ್ದು ಮೂರು-ಮೂರೂವರೆ ಪಿಎಸ್‌ಐ, ಅಂದರೆ ಕಾಲು ಬಾರಿಗೂ ಕಡಿಮೆ. ಅಗ್ಗದ ರೆಗ್ಯುಲೇಟರಿನಲ್ಲಿ ತಗ್ಗಿಸಲು ನೋಡಿದೆ. ಒಳಬರುವ ಪೆಟ್ರೋಲನ್ನು ನೀಡಲ್ ವಾಲ್ವ್ ತಡೆಯಲಾಗದೆ ಕಾರ್ಬಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಉಕ್ಕಿ ಪೆಟ್ರೋಲ್ ಮ್ಯಾನಿಫೋಲ್ಡಿಗೆ ಇಳಿಯಿತು. ಬೆಂಕಿ ಹತ್ತದಿದ್ದುದೇ ಪುಣ್ಯ. ಕಡಿಮೆ ಒತ್ತಡದ ಪಂಪನ್ನು ಟ್ಯಾಂಕ್ ಹತ್ತಿರವೇ ಹಾಕಿ, ಹಳೇ ರಿಟರ್ನ್ ಲೈನ್ ಹಾಗೇ ಉಳಿಸಿಕೊಂಡೆ. ಬಿಸಿಯಲ್ಲಿ ಆವಿ ಕಟ್ಟುವುದೂ ತಗ್ಗಿತು. ಕಾರ್ಬ್ ಕೆಳಗೆ ಸುಮಾರು ಹತ್ತು ಮಿಲಿಮೀಟರಿನ, ಶಾಖ ತಡೆಯುವ ಫೀನಾಲಿಕ್ ಸ್ಪೇಸರ್ ಇದೆ.

ಹಳೇ ಎಲ್-ಜೆಟ್ರಾನಿಕ್‌ಗಳಲ್ಲಿ ಪಂಪಿನ ಸ್ವಿಚ್ ಏರ್‌ಫ್ಲೋ ಮೀಟರಿನ ಒಳಗೇ ಇರುತ್ತದೆ. ಮೀಟರ್ ತೆಗೆದರೆ ಪಂಪೂ ಸತ್ತಂತೆ. ನೇರ ಕರೆಂಟ್ ಕೊಡಬೇಡಿ. ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ರಿಲೇ ಹಾಕಿ, ಗುದ್ದಿ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಟ್ಟಬೇಕಾಗಿಲ್ಲ, ವ್ಯಾಕ್ಯೂಮ್ ಪೈಪ್ ಕಾರ್ಬಿಗೆ ಬಂದರೆ ಸಾಕು. ಬಾಷ್‌ನದೇ ಮೋಟ್ರಾನಿಕ್ ಇಂಜೆಕ್ಷನ್ ಇದ್ದವರ ಕಥೆ ಬೇರೆ. ಅಲ್ಲಿ ಇಗ್ನಿಷನ್ನೂ ಕಂಪ್ಯೂಟರ್ ಕೈಯಲ್ಲೇ.

ಜೆಟ್ಟಿಂಗ್ (ಸರಿಯಾದ ಜೆಟ್ ಆರಿಸುವ) ವಿಷಯಕ್ಕೆ ಬಂದರೆ, ಪಿಕಪ್ ಇಲ್ಲ ಅಂದ ಕೂಡಲೇ ಎಲ್ಲರೂ ಮೇನ್ ಜೆಟ್ ಬಿಚ್ಚುತ್ತಾರೆ. ನಿಧಾನವಾಗಿ ಓಡಿಸುವಾಗ ಕಾರು ಬಹುಪಾಲು ಐಡಲ್ ಜೆಟ್ಟಿನಲ್ಲೇ ನಡೆಯುತ್ತದೆ! ಐಡ್ಲಿಂಗಿನ ಪೆಟ್ರೋಲ್ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಎರಡು ಸುತ್ತಿಗಿಂತ ಜಾಸ್ತಿ ಬಿಚ್ಚಬೇಕಾಗಿ ಬಂದರೆ ಐಡಲ್ ಜೆಟ್ ಚಿಕ್ಕದು ಎಂದರ್ಥ. ನಾನು 55ರ ಐಡಲ್ ಜೆಟ್ಟಿನಿಂದ 60ಕ್ಕೆ ಹೋದೆ, ಮಧ್ಯದಲ್ಲಿ ಪಿಕಪ್ ಕುಸಿಯುತ್ತಿದ್ದುದು ಹೋಯ್ತು. ಪ್ರೈಮರಿ ಮೇನ್ ಜೆಟ್ 137ರ ಆಸುಪಾಸಿನಲ್ಲಿದೆ. ವೈಡ್‌ಬ್ಯಾಂಡ್ ಮೀಟರಿನಲ್ಲಿ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ಹೊಗೆಯಿಂದ ಹೇಳುವುದು) ಸಮವೇಗಕ್ಕೆ 14ರ ಹತ್ತಿರ, ಪೂರ್ತಿ ಒತ್ತಿದಾಗ 12.8 ತೋರಿಸುತ್ತದೆ. ಕಾರ್ಬಿನ ಅರ್ಧ ದುಡ್ಡು ಈ ಮೀಟರಿಗೇ ಹೋಯ್ತು, ಆದರೆ ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸೆಕೆಂಡರಿ ತೆರೆದುಕೊಳ್ಳುವಾಗಿನ ಮುಗ್ಗರಿಕೆಯನ್ನು ಲಿಂಕೇಜಿನಲ್ಲಿ ಹೇಗೆ ತೆಗೆದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮೈಲೇಜ್ ಹತ್ತರಲ್ಲಿ ಒಂದು ಪಾಲು ಇಳಿದಿದೆ, ನಿಜ. ಆದರೆ ಕಡಿಮೆ ವೇಗದಲ್ಲಿ ಎಂಜಿನ್ನಿನ ಎಳೆತ ಮೊದಲಿಗಿಂತ ಚೆನ್ನಾಗಿದೆ. ಈಗ ತಲೆಯಲ್ಲಿ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ಊದುವ ಯಂತ್ರ) ಕೂತಿದೆ. ಕಾರ್ಬ್ ಮೂಲಕ ಊದಬೇಕಾದರೆ ಫ್ಲೋಟ್ ಬೌಲಿಗೂ ಬೂಸ್ಟ್ (ಊದಿದ ಗಾಳಿಯ) ಒತ್ತಡ ಕೊಡಬೇಕು, ಪಂಪಿನ ಒತ್ತಡವೂ ಬೂಸ್ಟ್ ಏರಿದಷ್ಟೇ ಏರಬೇಕು. ಸದ್ಯ ಬೆಂಚಿನ ಮೇಲೆ ರೆಗ್ಯುಲೇಟರ್ ಪರೀಕ್ಷೆ ನಡೆದಿದೆ. ಇಂಜೆಕ್ಟರ್‌ಗಳನ್ನೂ ಕಂಪ್ಯೂಟರನ್ನೂ ಮಾರಿದ್ದರಿಂದ ಹಾಕಿದ್ದರಲ್ಲಿ ಮೂರನೇ ಒಂದು ಭಾಗ ವಾಪಸ್ ಬಂತು. ಹೊಗೆ ತಪಾಸಣೆ ಬಿಗಿಯಾಗಿರುವ ಕಡೆಯವರು ಮಾತ್ರ ಮಾರುವ ಮುಂಚೆ ನಿಯಮ ವಿಚಾರಿಸಿಕೊಳ್ಳಿ.